ಪ್ಯಾನೆಲ್ಲಿನ ಮೂಲೆಗೊಂದು ಕ

ಕಂಪ್ಯೂಟರ್ ತೆರೆದರೆ ಪರದೆಯ ಕೆಳಗೆ ಉದ್ದಕ್ಕೆ ಒಂದು ಪಟ್ಟಿ ಇರುತ್ತದಲ್ಲ, ಅದಕ್ಕೆ ನಮ್ಮ ಕೆಲಸದಲ್ಲಿ ಪ್ಯಾನೆಲ್ ಅನ್ನುತ್ತೇವೆ. ಅದರ ಬಲಗಡೆ ಮೂಲೆಗೆ ಟ್ರೇ ಅಂತ ಹೆಸರು. ಗಡಿಯಾರದ ಪಕ್ಕದಲ್ಲಿ ವೈಫೈ, ಬ್ಯಾಟರಿ, ಸದ್ದು, ಮೆಸೇಜು ಬಂದಿದೆ ಅನ್ನುವ ಗುರುತು, ಹೀಗೆ ಸಣ್ಣ ಸಣ್ಣ ಚಿತ್ರಗಳು ಅಲ್ಲಿ ಸಾಲಾಗಿ ಕೂತಿರುತ್ತವೆ. ಐಕಾನ್‌ಗಳು. ಯಾರೂ ಅವನ್ನು ನೋಡುವುದಿಲ್ಲ. ಬ್ಯಾಟರಿ ಮುಗಿಯುವಾಗ ಒಂದು ಸಲ ನೋಡುತ್ತಾರೆ, ಅದೂ ಬೈದುಕೊಂಡು. ಅವನ್ನು ಬರೆಯುವುದು ನನ್ನ ಕೆಲಸ.

ದೆಹಲಿಯ ಮಯೂರ್ ವಿಹಾರದ ನಮ್ಮ ಹೌಸಿಂಗ್ ಸೊಸೈಟಿಯ ಹೆಂಗಸರು ಪಾರ್ಕಿನಲ್ಲಿ ಸಿಕ್ಕಾಗ ನಾನು ಏನು ಮಾಡುತ್ತೇನೆ ಅಂತ ಕೇಳುತ್ತಾರೆ. ಕಂಪ್ಯೂಟರಿನಲ್ಲಿ ಅಂದರೆ "ಅಚ್ಛಾ, ಡೇಟಾ ಎಂಟ್ರಿ?" ಅನ್ನುತ್ತಾರೆ. ಮೊದಮೊದಲು ಬಿಡಿಸಿ ಹೇಳುತ್ತಿದ್ದೆ. ಫೋನ್ ತೆಗೆದು ಅದರ ಮೇಲಿನ ಮೂಲೆ ತೋರಿಸಿ, ಇಂಥವು, ಆದರೆ ಇವಲ್ಲ ಅನ್ನುತ್ತಿದ್ದೆ. ಇದಕ್ಕೂ ಒಬ್ಬರು ಬೇಕಾ ಅನ್ನುವ ಪ್ರಶ್ನೆ ಅವರ ಮುಖದಲ್ಲಿ ಕಂಡ ಮೇಲೆ ಬಿಟ್ಟೆ. ಈಗ ಹೌದು, ಡೇಟಾ ಎಂಟ್ರಿ ಅಂದುಬಿಡುತ್ತೇನೆ. ನನ್ನ ಗಂಡ ಕೇಂದ್ರ ಸರ್ಕಾರದ ಒಂದು ಇಲಾಖೆಯಲ್ಲಿ ಸೆಕ್ಷನ್ ಆಫೀಸರ್. ಅವರು ಏನು ಕೆಲಸ ಮಾಡುತ್ತಾರೆ ಅಂತ ಯಾರೂ ಕೇಳುವುದಿಲ್ಲ. ಕೇಳಿದರೆ ಅವರಿಗೂ ಹೇಳಲು ಬರುವುದಿಲ್ಲ, ಆದರೂ ನಮಸ್ಕಾರ ಮೊದಲು ಅವರಿಗೇ ಬೀಳುತ್ತದೆ.

ಈ ಕೆಲಸದ ತಲೆನೋವು ಏನೆಂದರೆ, ಪ್ರತಿಯೊಂದು ಆ್ಯಪ್ಪೂ ತನ್ನ ಐಕಾನನ್ನು ತಾನೇ ಹೊತ್ತುಕೊಂಡು ಬರುತ್ತದೆ. ಒಂದು ಕೆಂಪಗೆ ಗುಂಡಗೆ, ಇನ್ನೊಂದು ನೀಲಿ ಚೌಕ, ಮತ್ತೊಂದಕ್ಕೆ ನೆರಳು ಬೇರೆ. ಒಂದು, ಜಾಗ ಸಾಲದೆ ಒದ್ದಾಡುತ್ತಿರುತ್ತದೆ, ಪಕ್ಕದ್ದು ಸಾಸಿವೆ ಕಾಳಿನಷ್ಟು. ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡ ದಿನ ಬಾಗಿಲ ಹೊರಗೆ ಬಿದ್ದಿರುವ ಚಪ್ಪಲಿಗಳ ಹಾಗೆ ಕಾಣುತ್ತದೆ ಟ್ರೇ. ಅವನ್ನೆಲ್ಲ ಒಂದೇ ಮನೆಯವರು ಅನ್ನಿಸುವಂತೆ ಮಾಡಬೇಕು. ಬಣ್ಣ ಒಂದೇ, ಗೆರೆಯ ದಪ್ಪ ಒಂದೇ, ಸುತ್ತಲಿನ ಖಾಲಿ ಜಾಗವೂ ಅಷ್ಟಕ್ಕಷ್ಟೇ. ಇಪ್ಪತ್ತೆರಡು ಪಿಕ್ಸೆಲ್ ಅಗಲ, ಅಷ್ಟೇ ಎತ್ತರದ ಚೌಕ, ಕಿರುಬೆರಳ ಉಗುರಿಗಿಂತ ಸಣ್ಣದು. ಏನು ಹೇಳುವುದಿದ್ದರೂ ಅದರೊಳಗೆ ಹೇಳಿ ಮುಗಿಸಬೇಕು.

ನನಗೆ ಈ ಕೆಲಸ ಇಷ್ಟ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವುದೆಲ್ಲ ಕಹಿ. ಮದುವೆಗೆ ಮುಂಚೆ ದಾವಣಗೆರೆಯ ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಮಾಡುತ್ತಿದ್ದೆ. ಲಗ್ನಪತ್ರಿಕೆ, ಜವಳಿ ಅಂಗಡಿಯ ಕರಪತ್ರ, ತಿಥಿ ಕಾರ್ಡು. ಕನ್ನಡ ಅಕ್ಷರಗಳನ್ನು ದಿನವಿಡೀ ನೋಡಿ ನೋಡಿ, ಯಾವುದರ ಹೊಟ್ಟೆ ಎಷ್ಟು ಉಬ್ಬಿದರೆ ಸಾಲು ಕೆಡುತ್ತದೆ ಅನ್ನುವುದು ಕಣ್ಣಿಗೇ ಗೊತ್ತಾಗಿಬಿಟ್ಟಿತ್ತು. ಮದುವೆಯಾಗಿ ದೆಹಲಿಗೆ ಬಂದೆ. ಇಲ್ಲಿ ಆ ಕಣ್ಣಿಗೆ ಕೆಲಸವೇ ಇರಲಿಲ್ಲ. ಮಗಳು ಶಾಲೆಗೆ ಹೋಗಲು ಶುರುಮಾಡಿದ ಮೇಲೆ ಐಕಾನ್ ಬರೆಯುವುದನ್ನು ಕಲಿತೆ, ಗುರುಗ್ರಾಮದ ಒಂದು ಸಣ್ಣ ಕಂಪನಿ ಸೇರಿಕೊಂಡೆ. ಕಾಲೇಜುಗಳ, ಕಚೇರಿಗಳ ಕಂಪ್ಯೂಟರಿನಲ್ಲಿ ತೆರೆದ ತಕ್ಷಣ ಕಾಣುವ ಇಡೀ ಪರದೆಯನ್ನು ನಾವು ತಯಾರಿಸಿ ಕೊಡುತ್ತೇವೆ. ಮೆಟ್ರೋದಲ್ಲಿ ಹೋಗಿ, ಇನ್ನೊಂದು ಮೆಟ್ರೋ ಹಿಡಿದು, ಇಳಿದ ಮೇಲೆ ನಾಲ್ಕು ಜನರ ಜೊತೆ ಕ್ಯಾಬಿನಲ್ಲಿ ಇರುಕಿಕೊಂಡು ಆಫೀಸು ಮುಟ್ಟುವಷ್ಟರಲ್ಲಿ ಬೆಳಿಗ್ಗೆ ಉಟ್ಟ ಸೀರೆ ನೆನ್ನೆಯದಾಗಿರುತ್ತದೆ.

ನಮ್ಮ ತಂಡದ ಮುಖ್ಯಸ್ಥ ದೆಹಲಿಯ ಪೀತಮ್‌ಪುರದ ಹುಡುಗ. ಹುಡುಗ ಅನ್ನುವುದು ನನ್ನ ವಯಸ್ಸಿನ ಲೆಕ್ಕದಲ್ಲಿ, ಅವನ ತಲೆಯೂ ನೆತ್ತಿಯಲ್ಲಿ ತೆಳ್ಳಗಾಗಿದೆ. ಎದುರಿಗೆ ಅವನಿಗೆ ಮರ್ಯಾದೆಯಿಂದ ಆಪ್ ಅನ್ನುತ್ತೇನೆ, ಇಲ್ಲಿ ಅವನು ಅನ್ನುತ್ತೇನೆ. ಅವನು ನನಗೆ ಮ್ಯಾಡಮ್ ಜೀ ಅನ್ನುತ್ತಾನೆ, ಹಿಂದಿನಿಂದ ಆಂಟಿ ಅನ್ನುತ್ತಾನೆ ಅನ್ನುವುದೂ ನನಗೆ ಗೊತ್ತು. ಕೆಟ್ಟವನಲ್ಲ. ಹುಷಾರಿಲ್ಲ ಅಂದರೆ ಮನೆಗೆ ಹೋಗಿ ಅನ್ನುತ್ತಾನೆ, ದೀಪಾವಳಿಗೆ ಎಲ್ಲರ ಮೇಜಿನ ಮೇಲೂ ಸ್ವೀಟಿನ ಡಬ್ಬಿ ತಾನೇ ಇಡುತ್ತಾನೆ. ಅವನ ಬಾಯಲ್ಲಿ ಯಾವಾಗಲೂ ಇರುವ ಮಾತು ಒಂದೇ, ಏಕ್ ಜೈಸಾ. ಎಲ್ಲ ಒಂದೇ ಥರ ಇರಬೇಕು.

ಒಂದೇ ಥರ ಅಂದರೆ ಏನು ಅನ್ನುವುದರ ಬಗ್ಗೆ ನಮ್ಮಿಬ್ಬರಿಗೂ ಮೊದಲಿನಿಂದ ಜಗಳ. ಒಂದು ಚೌಕ, ಒಂದು ವೃತ್ತ ಎರಡನ್ನೂ ಒಂದೇ ಅಳತೆಗೆ ಬರೆದು ಅಕ್ಕಪಕ್ಕ ಇಟ್ಟರೆ ವೃತ್ತ ಚಿಕ್ಕದಾಗಿ ಕಾಣುತ್ತದೆ. ಅದಕ್ಕೆ ವೃತ್ತವನ್ನು ಕೂದಲೆಳೆಯಷ್ಟು ದೊಡ್ಡದು ಮಾಡಬೇಕು, ಆಗ ಕಣ್ಣಿಗೆ ಸಮ ಅನ್ನಿಸುತ್ತದೆ. ಅವನು ಗೆರೆಗಳ ಜಾಲರಿ ತೆರೆದು, "ಮ್ಯಾಡಮ್ ಜೀ, ಇದು ಹೊರಗೆ ಹೋಗ್ತಾ ಇದೆ" ಅಂತ ವೃತ್ತವನ್ನು ಒಳಗೆಳೆದ. ಅಳತೆ ಒಂದೇ ಇರುವುದು ಬೇರೆ, ಕಾಣುವುದು ಒಂದೇ ಥರ ಇರುವುದು ಬೇರೆ ಅಂತ ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಆಮೇಲೆ ಗಿರಾಕಿಗಳೇ ಕ್ಯಾಮೆರಾದ ಗುಂಡಗಿನ ಗುರುತು ಯಾಕೆ ಕುಗ್ಗಿದೆ ಅಂತ ಕೇಳಿದರು. ಅವನು ಅದನ್ನು ದೊಡ್ಡದು ಮಾಡಿ, ಗುಂಡಗಿರುವುದನ್ನೆಲ್ಲ ಒಂಚೂರು ದೊಡ್ಡದು ಬರೆಯಬೇಕು ಅಂತ ಮೀಟಿಂಗಿನಲ್ಲಿ ನಮಗೆಲ್ಲ ಪಾಠ ಮಾಡಿದ. ನಾನು ಚಹಾ ಕುಡಿಯುತ್ತಾ ಕೇಳಿಸಿಕೊಂಡೆ. ಈಗ ಅದು ತಂಡದ ನಿಯಮ, ಅವನ ಹೆಸರಿನಲ್ಲಿದೆ.

ಹೀಗಿರುವಾಗ, ಹೊಸ ಆವೃತ್ತಿಯಲ್ಲಿ ನಮ್ಮ ದೇಶದ ಭಾಷೆಗಳ ಕೀಬೋರ್ಡ್ ಸೇರಿಸುವುದು ಅಂತಾಯಿತು. ಮೊದಲಿಗೆ ಹಿಂದಿ, ದಕ್ಷಿಣದ್ದೊಂದು ಇರಲಿ ಅಂತ ಕನ್ನಡ. ಕನ್ನಡ ಯಾಕೆ ಅಂದರೆ ನಾನು ಇದ್ದೆ, ಟೈಪ್ ಮಾಡಿ ನೋಡಲು ಬೇರೆಯವರನ್ನು ಹುಡುಕುವ ತೊಂದರೆ ಇರಲಿಲ್ಲ, ಅಷ್ಟೆ. ಈಗ ಯಾವ ಭಾಷೆಯ ಕೀಬೋರ್ಡ್ ನಡೆಯುತ್ತಿದೆ ಅಂತ ತೋರಿಸಲು ಟ್ರೇಯಲ್ಲಿ ಒಂದು ಗುರುತು ಬೇಕು. ಇಂಗ್ಲಿಷಿಗೆ ಅವರ ಎ, ಹಿಂದಿಗೆ ಹಿಂದಿಯ ಅ. ಕನ್ನಡಕ್ಕೆ ಏನು ಅಂತ ಯಾರಾದರೂ ಕೇಳುವ ಮೊದಲೇ ನಾನು ಕ ಬರೆಯಲು ಕೂತಿದ್ದೆ.

ಇಷ್ಟು ವರ್ಷ ನಾನು ಬರೆದದ್ದೆಲ್ಲ ಬ್ಯಾಟರಿ, ಬೀಗ, ಗಂಟೆ. ಯಾರು ಬರೆದರೂ ಅವು ಹಾಗೇ ಇರುತ್ತವೆ. ಈ ಒಂದು ಅಕ್ಷರವನ್ನು ಆ ಆಫೀಸಿನಲ್ಲಿ ನಾನು ಬಿಟ್ಟರೆ ಬೇರೆ ಯಾರೂ ಬರೆಯಲಾರರು. ಅದು ಆ ಪ್ಯಾನೆಲ್ ಹತ್ತಿ ಕೂರಬೇಕು ಅನ್ನುವುದು ನನಗೆ ಹಟವಾಗಿ ಹಿಡಿಯಿತು. ಸುಳ್ಳು ಯಾಕೆ ಹೇಳಲಿ, ಆ ದಿನಗಳಲ್ಲಿ ನಾನು ಮೆಟ್ರೋದಲ್ಲಿ ಒಬ್ಬಳೇ ನಗುತ್ತಿದ್ದೆ.

ಕ ಸುಲಭದ ಅಕ್ಷರವಲ್ಲ. ಮೇಲೆ ತಲೆಕಟ್ಟು, ಸೊಂಟಕ್ಕೊಂದು ಅಡ್ಡಗೆರೆ, ಕೆಳಗೆ ಗುಂಡು ಹೊಟ್ಟೆ. ಲಗ್ನಪತ್ರಿಕೆಯಲ್ಲಿ ಚೆಂದ, ಇಪ್ಪತ್ತೆರಡು ಪಿಕ್ಸೆಲ್ಲಿನಲ್ಲಿ ಮೂರೂ ಒಂದರ ಮೇಲೊಂದು ಬಿದ್ದು ತಳ ಹಿಡಿದ ಉಪ್ಪಿಟ್ಟಿನ ಹಾಗೆ ಕಪ್ಪು ಮುದ್ದೆಯಾಗುತ್ತಿತ್ತು. ತಲೆಕಟ್ಟಿನ ಕೊಕ್ಕೆಯನ್ನು ಮೊಟಕು ಮಾಡಿದೆ, ಅಡ್ಡಗೆರೆಯನ್ನು ಒಂದೆಳೆ ಮೇಲೆತ್ತಿದೆ, ಹೊಟ್ಟೆಯನ್ನು ಅಗಲಿಸಿ ಒಳಗೆ ಗಾಳಿಯಾಡಲು ಬಿಟ್ಟೆ. ಮತ್ತೆ ಅಳಿಸಿದೆ, ಮತ್ತೆ ಬರೆದೆ. ಕೊನೆಗೆ ಒಂದು ದಿನ ಎದ್ದು ನಾಲ್ಕು ಹೆಜ್ಜೆ ಹಿಂದೆ ಹೋಗಿ ತಿರುಗಿ ನೋಡಿದರೆ, ಬ್ಯಾಟರಿಗೂ ವೈಫೈಗೂ ನಡುವೆ ಕ ಕೂತಿತ್ತು. ದಪ್ಪ ಸರಿ, ಎತ್ತರ ಸರಿ, ಪಕ್ಕದವರ ಜೊತೆ ಹೊಂದಿಕೊಂಡಿದೆ, ಆದರೂ ಅದು ಕ ಹೌದು. ಹಿಂದಿಯ ಅ ಕೂಡ ನಾನೇ ಬರೆದದ್ದು. ಅದು ಊಟವಾದ ಮೇಲೆ ಕೂತು ಚಹಾದ ಹೊತ್ತಿಗೆ ಮುಗಿದಿತ್ತು.

ಎರಡನ್ನೂ ಮೀಟಿಂಗಿನಲ್ಲಿ ದೊಡ್ಡ ಪರದೆಗೆ ಹಾಕಿದೆ. ಮುಖ್ಯಸ್ಥ ನೋಡಿದ, ಮುಖ ಅರಳಿತು.

"ಅರೇ ವಾಹ್, ಜಲೇಬಿ ಆ ಗಯೀ!" ಅಂದ.

ಎಲ್ಲರೂ ನಕ್ಕರು. ನಾನೂ ಹಲ್ಲು ಬಿಟ್ಟೆ. ಈ ಜಲೇಬಿಯ ಮಾತನ್ನು ಈ ಊರಿನಲ್ಲಿ ನಾನು ಎಲ್ಲೆಲ್ಲಿ ಕೇಳಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ ನನ್ನ ಕನ್ನಡ ಸಹಿ ನೋಡಿ ಅಂದಿದ್ದಾರೆ, ಮಗಳ ಶಾಲೆಯ ಟೀಚರ್ ಅಂದಿದ್ದಾರೆ, ಊರಿನಿಂದ ಬಂದ ಪಾರ್ಸೆಲ್ಲಿನ ಮೇಲೆ ಬರೆದದ್ದು ನೋಡಿ ಕೊರಿಯರ್ ಭಯ್ಯಾ ಅಂದಿದ್ದಾನೆ. ಒಬ್ಬೊಬ್ಬರೂ ತಾವೇ ಮೊದಲು ಕಂಡುಹಿಡಿದವರ ಹಾಗೆ ಹೇಳಿ, ನಗುತ್ತೇನೋ ಇಲ್ಲವೋ ಅಂತ ನನ್ನ ಮುಖ ನೋಡುತ್ತಾರೆ. ನಗದಿದ್ದರೆ ಇವಳಿಗೆ ತಮಾಷೆ ಗೊತ್ತಾಗುವುದಿಲ್ಲ ಅನ್ನುತ್ತಾರೆ. ಅವತ್ತಿನಿಂದ ಆಫೀಸಿನಲ್ಲಿ ಆ ಅಕ್ಷರದ ಹೆಸರೇ ಜಲೇಬಿ ಆಯಿತು. ಫೈಲಿಗೂ ಯಾರೋ ಅದೇ ಹೆಸರು ಕೊಟ್ಟರು.

ಮಾರನೆಯ ದಿನ ಅವನು ನನ್ನ ಮೇಜಿನ ಹತ್ತಿರ ಬಂದು, ನಿಮ್ಮ ಕೆಲಸ ಹಗುರ ಮಾಡಿದ್ದೇನೆ ಅಂದ. ಪರದೆಯಲ್ಲಿ ನನ್ನ ಕ ಇತ್ತು. ಅದರ ತಲೆಕಟ್ಟನ್ನು ಅವನು ಎರಡೂ ಕಡೆ ಎಳೆದು, ಈ ತುದಿಯಿಂದ ಆ ತುದಿಗೆ ನೇರ ಗೆರೆ ಮಾಡಿದ್ದ. ಹಿಂದಿ ಅಕ್ಷರದ ತಲೆಯ ಮೇಲೆ ಇರುತ್ತದಲ್ಲ, ಹಾಗೆ. ಬಟ್ಟೆ ಒಣಹಾಕುವ ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಬಿಟ್ಟಂತೆ ನನ್ನ ಅಕ್ಷರ ತೂಗುತ್ತಿತ್ತು.

"ನಿಮ್ಮ ಮೇಲಿನ ಗೆರೆ ಅರ್ಧಕ್ಕೇ ನಿಂತಿತ್ತು ಮ್ಯಾಡಮ್ ಜೀ, ಪೂರ್ತಿ ಮಾಡಿದೆ," ಅಂದ. "ನೋಡಿ, ಈಗ ಏಕ್ ಜೈಸಾ."

ಅವನಿಗೆ ನಿಜವಾಗಿಯೂ ಹಾಗೇ ಅನ್ನಿಸಿತ್ತು. ಕನ್ನಡದವರು ಹಿಂದಿಯ ಹಾಗೆ ಗೆರೆ ಎಳೆಯಲು ಹೊರಟು ಸುಸ್ತಾಗಿ ಅರ್ಧಕ್ಕೆ ಬಿಟ್ಟಿದ್ದಾರೆ, ಪಾಪ, ನಾನು ಮುಗಿಸಿಕೊಡುತ್ತೇನೆ ಅಂತ. ನನಗೆ ಮೈಯೆಲ್ಲ ಉರಿಯಿತು. ಇದು ಆ ಗೆರೆಯಲ್ಲ, ಇದು ತಲೆಕಟ್ಟು, ಇದ್ದ ಅಕ್ಷರಕ್ಕೆ ಅದರದ್ದೇ ಇರುತ್ತದೆ, ಪಕ್ಕದ ಅಕ್ಷರವನ್ನು ಹಿಡಿದುಕೊಳ್ಳುವುದಿಲ್ಲ, ಹೀಗೆ ಎಳೆದರೆ ಇದು ಯಾವ ಭಾಷೆಯ ಅಕ್ಷರವೂ ಅಲ್ಲ ಅಂತ ಹೇಳಿದೆ. ಕೋಪ ಬಂದರೆ ನನ್ನ ಹಿಂದಿ ಎಡವುತ್ತದೆ, ಗಂಡಸಿಗೆ ಹೆಣ್ಣಿನ ಕ್ರಿಯಾಪದ ಹಚ್ಚಿಬಿಡುತ್ತೇನೆ. ಅವತ್ತೂ ಹಚ್ಚಿದೆ. ಪಕ್ಕದ ಮೇಜಿನವರು ಮುಖ ಕೆಳಗೆ ಹಾಕಿ ನಕ್ಕರು.

ಅವನು ತಾಳ್ಮೆಯಿಂದ ಕೇಳಿಸಿಕೊಂಡ. ಆಮೇಲೆ, ಅಷ್ಟು ಕಷ್ಟ ಇದ್ದರೆ ಎರಡಕ್ಕೂ ಹಿಂದಿಯ ಅ ಇಟ್ಟುಬಿಡೋಣ ಅಂದ. ಇಂಗ್ಲಿಷಿಗೆ ಎ, ದೇಶದ ಭಾಷೆಗಳಿಗೆಲ್ಲ ಅ. ನಾಳೆ ತಮಿಳು ಬಂತು, ಬಂಗಾಳಿ ಬಂತು, ಎಲ್ಲಕ್ಕೂ ಅದೇ ಒಂದು. ಟ್ರೇಯೂ ಶುದ್ಧ, ಕೆಲಸವೂ ಕಡಿಮೆ.

"ಹಿಂದಿ ಕನ್ನಡ ಎರಡೂ ಟೈಪ್ ಮಾಡುವವರು ಏನು ಮಾಡಬೇಕು? ಯಾವುದು ನಡೀತಿದೆ ಅಂತ ಹೇಗೆ ಗೊತ್ತಾಗಬೇಕು?" ಅಂತ ಕೇಳಿದೆ.

"ಮೌಸ್ ಮೇಲೆ ಇಟ್ಟರೆ ಹೆಸರು ಬರುತ್ತಲ್ಲ. ಅಂಥವರು ಎಷ್ಟು ಜನ ಇದ್ದಾರೆ ಮ್ಯಾಡಮ್ ಜೀ?"

"ನಾನು ಇದ್ದೀನಿ. ನನ್ನ ಮನೆ ಇದೆ."

ನನ್ನ ದನಿ ಏರಿತ್ತು. ಆಮೇಲೆ ಅವನು ಹೇಳಿದ ಮಾತು ಎಷ್ಟು ನ್ಯಾಯವಾಗಿತ್ತೆಂದರೆ, ಅದನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ನಮ್ಮ ಎಲ್ಲರ ಮನೆಯಲ್ಲೂ ಹಿಂದಿ, ನಾವು ಹೇಳಿದರೆ ಲೆಕ್ಕಕ್ಕಿಲ್ಲ, ಅಂದ. ಕನ್ನಡದ ಮನೆ ಅಂದರೆ ನಿಮ್ಮದೊಂದೇ. ನಿಮ್ಮ ಮಗಳು ಕಾಲೇಜಿಗೆ ಹೋಗುತ್ತಾಳೆ, ನಮ್ಮ ಕೆಲಸ ಹೋಗುವುದೂ ಅಂಥ ಮಕ್ಕಳ ಕೈಗೇ. ಎರಡು ಪ್ಯಾನೆಲ್ ಚಿತ್ರ ಕೊಡುತ್ತೇನೆ, ಒಂದರಲ್ಲಿ ನಿಮ್ಮ ಕ, ಒಂದರಲ್ಲಿ ಅ. ಅವಳಿಗೆ ತೋರಿಸಿ, ಏನೂ ಹೇಳಿಕೊಡಬೇಡಿ. ಅವಳು ಯಾವುದು ಅನ್ನುತ್ತಾಳೋ ಅದು. ಕ ಅಂದರೆ ಕ ಇಡುತ್ತೇವೆ, ಆಮೇಲೆ ಬರುವ ಭಾಷೆಗಳಿಗೂ ಅವವುಗಳ ಅಕ್ಷರವೇ. ನಿಮ್ಮ ಮಾತನ್ನು ನಂಬುತ್ತೇನೆ, ಅಂದ.

ನಾನು ಗೆದ್ದೆ ಅಂದುಕೊಂಡು ಮನೆಗೆ ಹೋದೆ.

ಮಗಳು ಹುಟ್ಟಿದ್ದು ಇಲ್ಲಿ, ಬೆಳೆದದ್ದು ಇಲ್ಲಿ. ಕನ್ನಡ ಪೂರ್ತಿ ಅರ್ಥವಾಗುತ್ತದೆ. ಬೈದರೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಮಾತು ಕನ್ನಡದಲ್ಲಿ ಶುರುವಾಗಿ ನಡುವೆ ಎಲ್ಲೋ ಹಿಂದಿಗೆ ಇಳಿದುಬಿಡುತ್ತದೆ, ಅವಳಿಗೇ ಗೊತ್ತಾಗುವುದಿಲ್ಲ. ಓದಲು ಬರುವುದಿಲ್ಲ. ಭಾನುವಾರದ ಕನ್ನಡ ಕ್ಲಾಸಿಗೆ ಸೇರಿಸಿದ್ದೆವು, ಅ ಆ ಇ ಈ ಮುಗಿದು ಕ ಖ ಶುರುವಾಗುವ ಹೊತ್ತಿಗೆ ಗಣಿತದ ಟ್ಯೂಷನ್ನೂ ಭಾನುವಾರವೇ ಅಂತಾಯಿತು. ಈ ಊರಿನಲ್ಲಿ ಕನ್ನಡಕ್ಕೆ ಟ್ಯೂಷನ್ ಅಡ್ಡ ಬರುತ್ತದೆ, ಟ್ಯೂಷನ್ನಿಗೆ ಯಾವುದೂ ಅಡ್ಡ ಬರುವುದಿಲ್ಲ. ಆದರೂ ನನ್ನ ಮಗಳು. ನನ್ನ ಅಡುಗೆಮನೆಯ ಡಬ್ಬಿಗಳ ಮೇಲೆ ಕಡಲೆಬೇಳೆ, ಕೊಬ್ಬರಿ ಅಂತ ಬರೆದಿರುವುದನ್ನು ದಿನಾ ನೋಡುವವಳು. ಒಂದು ಕ ಗುರುತು ಸಿಗುವುದಿಲ್ಲವೇ ಅಂದುಕೊಂಡೆ.

ಭಾನುವಾರ ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ ಮಾಡಿದ್ದೆ. ಅವಳಿಗೆ ಅದೆಂದರೆ ಪ್ರಾಣ. ತಟ್ಟೆ ಮುಂದೆ ಇಟ್ಟು, ಪಕ್ಕದಲ್ಲಿ ಲ್ಯಾಪ್‌ಟಾಪ್ ತೆರೆದು ಎರಡೂ ಚಿತ್ರ ಹಾಕಿದೆ. ಗಂಡ ಪೇಪರ್ ಹಿಡಿದು ಕೂತಿದ್ದರು. ಅವರಿಗೆ ಬಾಯಿ ಬಿಡಬೇಡಿ ಅಂತ ಮೊದಲೇ ಹೇಳಿದ್ದೆ.

"ಪುಟ್ಟೀ, ಇವೆರಡರಲ್ಲಿ ಯಾವುದು ಚೆನ್ನಾಗಿದೆ ಹೇಳು."

"ಏನು ನೋಡ್ಬೇಕು?"

"ಕೆಳಗಡೆ ಮೂಲೆ ನೋಡು. ಯಾವುದು ಎಲ್ಲಾ ಒಂದೇ ಥರ ಕಾಣುತ್ತೆ?"

ಅವಳು ಚಮಚ ಬಾಯಲ್ಲಿಟ್ಟುಕೊಂಡೇ ಬಗ್ಗಿ ನೋಡಿದಳು. ಒಂದು ನೋಡಿದಳು, ಇನ್ನೊಂದು ನೋಡಿದಳು. ಮತ್ತೆ ಮೊದಲಿನದಕ್ಕೆ ಹೋದಳು. ಪರೀಕ್ಷೆಯ ರಿಸಲ್ಟಿಗೂ ನಾನು ಇಷ್ಟು ಹೆದರಿದವಳಲ್ಲ.

"ಇದು," ಅಂತ ಹಿಂದಿಯ ಅ ಇದ್ದದ್ದರ ಮೇಲೆ ಬೆರಳಿಟ್ಟಳು. "ಪಕ್ಕಾ ಇದೇ."

"ಸರಿಯಾಗಿ ನೋಡು."

"ನೋಡ್ದೆ ಅಮ್ಮಾ. ಇದ್ರಲ್ಲಿ ಎಲ್ಲಾ ಸಮಝ್ ಮೇಂ ಆ ರಹಾ ಹೈ, ಅರ್ಥ ಆಗುತ್ತೆ. ಅದ್ರಲ್ಲಿ ಮಧ್ಯ ಒಂದು ಅಜೀಬ್ ಸಾ ಇದೆ." ಇನ್ನೊಂದು ಚಮಚ ತಿಂದಳು. "ಅದು ಕನ್ನಡ ಅಲ್ವಾ?"

"ಹೂಂ."

"ಯಾವ ಲೆಟರ್? ಆ ನಾ?"

ಗಂಡ ಪೇಪರ್ ಕೆಳಗಿಳಿಸಿದರು.

"ಕ," ಅಂದೆ.

"ಕ ಅಂದ್ರೆ?"

"ಕನ್ನಡದ ಕ."

"ಓ," ಅಂದಳು. "ಕ್ಯೂಟ್ ಇದೆ. ಬಟ್ ಇಲ್ಲಿ ಸೂಟ್ ಆಗಲ್ಲ." ಆಮೇಲೆ ಅನುಮಾನ ಬಂದು ನನ್ನ ಮುಖ ನೋಡಿದಳು. "ನೀನು ಮಾಡಿದ್ದು ಯಾವ್ದು?"

"ಎರಡೂ ನಾನೇ ಮಾಡಿದ್ದು."

"ಚಲೋ, ಫಿರ್ ಕ್ಯಾ," ಅಂತ ನಿರಾಳವಾಗಿ ತಟ್ಟೆಗೆ ಕೈ ಹಾಕಿದಳು. "ಯಾವ್ದು ಬಂದ್ರೂ ನಿಂದೇ."

ಅವಳ ಮೇಲೆ ಕೋಪ ಮಾಡಿಕೊಳ್ಳಲು ಏನೂ ಇರಲಿಲ್ಲ. ಕೇಳಿದ್ದಕ್ಕೆ ಹೇಳಿದ್ದಳು. ನಾನು ಅಡುಗೆಮನೆಗೆ ಹೋಗಿ, ತೊಳೆದಿದ್ದ ಬಾಣಲೆಯನ್ನೇ ಮತ್ತೆ ತೊಳೆದೆ. ಮಗಳು ಸ್ನಾನಕ್ಕೆ ಹೋದ ಮೇಲೆ ಗಂಡ ಬಂದು ಬಾಗಿಲಲ್ಲಿ ನಿಂತರು.

"ಕ ಅಂದ್ಲು ಅಂತ ಹೇಳಿಬಿಡೇ. ಅವನೇನು ಮನೆಗೆ ಬಂದು ಕೇಳ್ತಾನಾ?"

"ನಿಮ್ಮ ಆಫೀಸಿನ ಫೈಲ್ ಅಂದ್ಕೊಂಡ್ರಾ ಇದನ್ನ?" ಅಂತ ಹರಿಹಾಯ್ದೆ. ಅವರು ಹೋಗಿ ಮತ್ತೆ ಪೇಪರ್ ಹಿಡಿದರು. ಪಾಪ, ನನ್ನ ಪರವಾಗಿಯೇ ಹೇಳಿದ್ದರು.

ಸುಳ್ಳು ಹೇಳಬಹುದಿತ್ತು. ಆ ಹುಡುಗ ನಂಬುತ್ತೇನೆ ಅಂದಿದ್ದ, ನಂಬಿಯೂ ಬಿಡುತ್ತಿದ್ದ. ಸತ್ಯವಂತೆ ಅಂತ ಬಿರುದು ಬೇಕಾಗಿ ನಾನು ಸುಳ್ಳು ಬಿಟ್ಟದ್ದಲ್ಲ. ಸುಳ್ಳು ಹೇಳಿ ಕ ಕೂರಿಸುತ್ತೇನೆ ಅಂತಿಟ್ಟುಕೊಳ್ಳೋಣ, ನಾಳೆ ನನ್ನ ಮಗಳೇ ಅದರ ಮುಂದೆ ಕೂತು ಇದೇನು ಅಂತ ಕೇಳುತ್ತಾಳೆ. ಹಾಗಾದರೆ ಅದನ್ನು ಯಾರಿಗೆ ಅಂತ ಕೂರಿಸುವುದು? ದಾವಣಗೆರೆಯಲ್ಲಿ ಓದುವವರು ಇದ್ದಾರೆ, ನಿಜ. ಅವತ್ತು ಆ ಯೋಚನೆ ನನ್ನ ತಲೆಗೆ ಹತ್ತಲಿಲ್ಲ. ನನಗೆ ಬೇಕಾಗಿದ್ದದ್ದು ಈ ಮನೆಯಲ್ಲಿ ಒಬ್ಬಳು ಓದುವುದು.

ಸೋಮವಾರ ಹೋಗಿ, ಮಗಳು ಅ ಅಂದಳು ಅಂತ ಹೇಳಿದೆ. ಜಂಬ ಪಡುತ್ತಾನೆ, ಆಗ ಜಗಳವಾದರೂ ಆಡಬಹುದು ಅಂದುಕೊಂಡಿದ್ದೆ. ಅವನು ಜಂಬವನ್ನೂ ಪಡಲಿಲ್ಲ. "ಥ್ಯಾಂಕ್ ಯೂ ಮ್ಯಾಡಮ್ ಜೀ, ನಿಮ್ಮಷ್ಟು ಪ್ರಾಮಾಣಿಕರು ಸಿಗೋದು ಕಷ್ಟ," ಅಂದ. ಅ ದ ಮೇಲಿನ ಗೆರೆಯನ್ನು ಒಂಚೂರು ದಪ್ಪ ಮಾಡಿಕೊಡಿ ಅಂದ. ಮಾಡಿಕೊಟ್ಟೆ. ಆ ವಾರವೇ ಗಿರಾಕಿಗಳಿಗೆ ತೋರಿಸುವಾಗ ಅವನು, ಎಲ್ಲ ಭಾಷೆಗಳಿಗೂ ಒಂದೇ ಗುರುತು ಅನ್ನುವುದನ್ನು ದೆಹಲಿಯ ಒಂದು ಕನ್ನಡ ಕುಟುಂಬದ ಜೊತೆ ಪರೀಕ್ಷೆ ಮಾಡಿ ನೋಡಿದ್ದೇವೆ, ಅವರು ಒಪ್ಪಿದ್ದಾರೆ ಅಂದ. ನಾನು ಅದೇ ಕೋಣೆಯಲ್ಲಿ, ಗೋಡೆಗೆ ಒರಗಿ ಕೂತಿದ್ದೆ. ಗಿರಾಕಿಗಳಲ್ಲಿ ಒಬ್ಬರು ಬಹಳ ಒಳ್ಳೆಯದು ಅಂತ ತಲೆಯಾಡಿಸಿದರು. ಒಂದು ಅಕ್ಷರವೂ ಸುಳ್ಳಿರಲಿಲ್ಲ, ಎದ್ದು ನಿಂತು ಏನು ಹೇಳಲಿ.

ಆಮೇಲೆ ನಾನು ಎಂದಿನಂತೆ ಬ್ಯಾಟರಿ ಬರೆದೆ, ಬೀಗ ಬರೆದೆ. ನೋಡುವವರಿಗೆ ನಾನು ಯಾವುದನ್ನೂ ಮನಸ್ಸಿಗೆ ಹಚ್ಚಿಕೊಂಡವಳಂತೆ ಕಾಣುತ್ತಿರಲಿಲ್ಲ. ಒಳಗೆ ಮಾತ್ರ ಬೇಯುತ್ತಿತ್ತು. ಮೆಟ್ರೋದಲ್ಲಿ ನಿಂತಾಗ ಎದುರಿನ ಬೋರ್ಡುಗಳ ಹಿಂದಿ ಅಕ್ಷರಗಳನ್ನು ನೋಡಿ, ಇವುಗಳದ್ದು ಏನು ತಪ್ಪು ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ತಪ್ಪು ಇಲ್ಲವೇ ಇಲ್ಲ, ಆದರೂ ಕೆಲವು ದಿನ ಅವನ್ನು ಕಂಡರೆ ಆಗುತ್ತಿರಲಿಲ್ಲ. ಮಗಳಿಗೆ ಈಗಲಾದರೂ ಕಲಿಸೋಣ ಅಂತ ಒಂದು ಸಂಜೆ ಪಕ್ಕದಲ್ಲಿ ಕೂರಿಸಿಕೊಂಡೆ. ಅವಳು ಬೇಸರ ಮಾಡಿಕೊಳ್ಳದೆ ಸುಮಾರು ಹೊತ್ತು ಕೂತಳು. ಆಮೇಲೆ, "ಅಮ್ಮಾ, ಎಕ್ಸಾಮ್ ಕೇ ಬಾದ್, ಪ್ಲೀಸ್?" ಅಂದಳು. ಎಕ್ಸಾಮ್ ಮುಗಿಯಿತು, ಇನ್ನೊಂದು ಬಂತು.

ಹೊಸ ಆವೃತ್ತಿ ಹೊರಬಿದ್ದು ಸ್ವಲ್ಪ ಕಾಲವಾಗಿತ್ತು. ಒಂದು ಮಧ್ಯಾಹ್ನ ಆಫೀಸಿನಲ್ಲಿದ್ದಾಗ ಮಗಳ ವಿಡಿಯೋ ಕಾಲ್ ಬಂತು. ಅವಳು ಕಾಲೇಜಿನಿಂದ ಹಾಗೆಲ್ಲ ಮಾಡುವವಳಲ್ಲ. ಏನಾಯಿತೋ ಅಂತ ಗಾಬರಿಯಾಗಿ ಫೋನ್ ಹಿಡಿದು ಹೊರಗೆ ಓಡಿದೆ.

"ಅಮ್ಮಾ, ನೋಡು ನೋಡು!" ಪಿಸುದನಿಯಲ್ಲಿ ಕೂಗುತ್ತಿದ್ದಳು, ಲೈಬ್ರರಿಯಲ್ಲಿದ್ದಳು. ಫೋನನ್ನು ಅಲ್ಲಿನ ಕಂಪ್ಯೂಟರಿನ ಕಡೆ ತಿರುಗಿಸಿದಳು. ಅವರ ಕಾಲೇಜಿಗೆ ನಮ್ಮ ಹೊಸ ಆವೃತ್ತಿ ಬಂದಿತ್ತು. ಕೆಳಗೆ ಮೂಲೆಯಲ್ಲಿ ವೈಫೈ, ಗಂಟೆ, ಸದ್ದು. ಅವುಗಳ ನಡುವೆ ಹಿಂದಿಯ ಅ. ಚೆನ್ನಾಗಿ ಬಂದಿತ್ತು. ಅಷ್ಟು ದೂರದಿಂದ, ಆ ಅಲುಗುವ ಚಿತ್ರದಲ್ಲೂ ಗೆರೆಗಳು ಬಿಡಿಬಿಡಿಯಾಗಿ ಕಾಣುತ್ತಿದ್ದವು. ಅದನ್ನು ನೋಡಿ ನನ್ನ ಕಣ್ಣಿಗೆ ಖುಷಿಯಾಯಿತು, ಅದಕ್ಕೆ ನಾಚಿಕೆಯೂ ಆಯಿತು.

"ನಿಂದೇ ಅಲ್ವಾ? ನಾನು ಸೆಲೆಕ್ಟ್ ಮಾಡಿದ್ದು?"

"ಹೂಂ, ಅದೇ."

ಅವಳು ಫೋನನ್ನು ಪಕ್ಕಕ್ಕೆ ತಿರುಗಿಸಿದಳು. ಮೂರ್ನಾಲ್ಕು ಹುಡುಗಿಯರು ಕುರ್ಚಿಗಳನ್ನು ಎಳೆದುಕೊಂಡು ಮುತ್ತಿಕೊಂಡಿದ್ದರು. "ಯೇ ಮೇರೀ ಮಮ್ಮೀ ನೇ ಬನಾಯಾ ಹೈ," ಅಂದಳು ಅವರಿಗೆ. "ಪೂರಾ ಕಾ ಪೂರಾ. ಇಡೀ ದೇಶದಲ್ಲಿ ಹೋಗುತ್ತೆ ಇದು." ಅರ್ಧ ಮಾತು ಕನ್ನಡದಲ್ಲಿ ಬಂದದ್ದು ಅವಳಿಗೆ ತಿಳಿಯಲೇ ಇಲ್ಲ, ಅಷ್ಟು ಸಂಭ್ರಮದಲ್ಲಿದ್ದಳು. ನನ್ನ ಕೆಲಸದ ಬಗ್ಗೆ ಅವಳು ಯಾರಿಗಾದರೂ ಹೇಳಿದ್ದು ನಾನು ಕೇಳಿದ್ದು ಅದೇ ಮೊದಲು. ಅವಳ ದನಿಯಲ್ಲಿ ಹೆಮ್ಮೆ ತುಂಬಿತ್ತು.

ಹುಡುಗಿಯರು ಹಲೋ ಆಂಟಿ ಅಂತ ಕೈ ಬೀಸಿದರು. ಅವರಲ್ಲೊಬ್ಬಳು, ಆಂಟಿ ಸೌತ್‌ನವರಲ್ಲವಾ, ಹಿಂದಿ ಅಕ್ಷರ ಇಷ್ಟು ಚೆಂದ ಹೇಗೆ ಬರೆಯುತ್ತಾರೆ ಅಂತ ಕೇಳಿದಳು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೆ ನನ್ನ ಮಗಳಿಗೆ ಚುರುಕ್ಕೆಂದಿತು, ತಾಯಿಯನ್ನು ಯಾರೋ ಹೊರಗಿನವಳು ಮಾಡಿದರು ಅಂತ. ನನಗಾಗಿ ಜಗಳಕ್ಕೆ ನಿಂತವಳ ಹಾಗೆ ಕತ್ತು ಮೇಲೆತ್ತಿದಳು.

"ಸೌತ್ ವೌತ್ ಕುಛ್ ನಹೀಂ. ಮೇರೀ ಮಮ್ಮೀ ಪೂರೀ ದಿಲ್ಲೀವಾಲೀ ಹೈ," ಅಂದಳು. ನನ್ನ ಕಡೆ ತಿರುಗಿ, "ಹೈ ನಾ, ಮಮ್ಮೀ?" ಅಂತ ಕೇಳಿದಳು.

ಮನೆಯಲ್ಲಿ ನಾನು ಅಮ್ಮ.

"ಬಿಲ್ಕುಲ್," ಅಂದೆ, ಅವಳ ಗೆಳತಿಯರಿಗೂ ಕೇಳಿಸುವ ಹಾಗೆ.